ಮಿಷಿನ್ ಯಾವ ಬದಿಗೆ?

"ಇನ್ನು ನಮ್ಮ ದೋಣಿಗೆ ಎರಡನೇ ಆಳು ಬೇಡವೇ ಬೇಡ!"

ಲೀಲಾಧರ ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದ್ದು ದೋಣಿಯ ಜೊತೆಗಾರ ಚಂದಯ್ಯನ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮಾರನೆಯ ಬೆಳಿಗ್ಗೆ, ಹಲ್ಲುಜ್ಜುತ್ತ. ಬಾಯಲ್ಲಿ ಬ್ರಶ್ ಇದ್ದುದರಿಂದ ಪ್ರತಿಜ್ಞೆಯೆಲ್ಲ ನೊರೆಯಾಗಿ ಹೊರಬಂತು.

"ಬಾಯಿ ತೊಳ್ಕಂಡ್ ಹೇಳಿ," ಎಂದಳು ಹೆಂಡತಿ ವನಜ.

ಬಾಯಿ ತೊಳೆದುಕೊಂಡು ಮತ್ತೊಮ್ಮೆ ಹೇಳಿದ. ಆದರೆ ಎರಡನೇ ಸಲ ದನಿ ಅಷ್ಟು ಗಟ್ಟಿಯಾಗಿ ಏಳಲಿಲ್ಲ.

ಬೈಂದೂರು ಹೊಳೆಯಲ್ಲಿ ಚಂದಯ್ಯ ಮತ್ತು ಲೀಲಾಧರ ಒಂದೇ ದೋಣಿಯಲ್ಲಿ ಹರೆಯ ಕಳೆದು ತಲೆ ಹಣ್ಣು ಮಾಡಿಕೊಂಡವರು. ಎರಡೂ ತುದಿ ಚೂಪಾದ ಸಣ್ಣ ಮರದ ದೋಣಿ. ಅರ್ಧ ಇವನದು, ಅರ್ಧ ಅವನದು. ಬಲಬದಿಯ ಹುಟ್ಟು ಲೀಲಾಧರನದು, ಎಡಬದಿಯದು ಚಂದಯ್ಯನದು. ಒಂದು ದಿನವೂ ಬದಿ ಬದಲಾಯಿಸಿದವರಲ್ಲ. ಹೀಗಾಗಿ ಲೀಲಾಧರನ ಬಲತೋಳು ಬಾಳೆದಿಂಡಿನಷ್ಟಾದರೆ ಎಡತೋಳು ನುಗ್ಗೆಕಾಯಿ. ಚಂದಯ್ಯನಿಗೆ ಇದರ ತಿರುವುಮುರುವು. "ನಿಮ್ ಇಬ್ರನ್ನೂ ಬಿಚ್ಚಿ ಹೊಲ್ದ್ರೆ ಒಂದ್ ಸಮಾ ಜನ ಆತ್ತ್," ಎಂದು ಪೇಟೆಯ ದರ್ಜಿ ಅಳತೆಪಟ್ಟಿ ಹಿಡಿದು ಗೋಳಾಡುತ್ತಿದ್ದ. ಲೀಲಾಧರನಿಗೆ ಓದುವ ಹುಚ್ಚು. ಬಲೆ ಬಿಟ್ಟು ಕಾಯುವಾಗ ಅವನು ಪುಸ್ತಕ ತೆಗೆದರೆ ಚಂದಯ್ಯ, "ಗಟ್ಟಿ ಓದ್ ಮರಾಯ, ಮೀನಿಗೂ ಕೇಣ್ಲಿ," ಎನ್ನುತ್ತಿದ್ದ.

ಬೇಸಿಗೆಯ ಒಂದು ಮಧ್ಯಾಹ್ನ ಊಟ ಮಾಡಿ, ಮಜ್ಜಿಗೆ ಕುಡಿದು, "ಸಂಜಿಗ್ ಬತ್ತೆ," ಎಂದು ಮನೆಗೆ ಹೋದ ಚಂದಯ್ಯ ಸಂಜೆಗೆ ಬರಲಿಲ್ಲ. ಎದೆನೋವು. ಅಷ್ಟೇ.

ದಡದಲ್ಲಿ ಒಣಗುತ್ತ ಬಿದ್ದ ದೋಣಿಯನ್ನು ನೋಡಲು ಸುಜನ್ ಬಂದ. ಕಡಲತೀರದಲ್ಲಿ ಹೊಸದಾಗಿ ರೆಸಾರ್ಟ್ ಮಾಡುತ್ತಿರುವವನು. ಗೇಟಿನ ಪಕ್ಕ ಒಂದು ಹಳೇ ದೋಣಿ ಇಟ್ಟು, ಅದರಲ್ಲಿ ಮಣ್ಣು ತುಂಬಿ, ಹೂವಿನ ಗಿಡ ನೆಡುವ ಆಸೆ ಅವನಿಗೆ. ಚಂದಯ್ಯನ ಹೆಂಡತಿ ಪದ್ದು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಲೀಲಾಧರನ ಹತ್ತಿರ ಬಂದು ಹೇಳಿದಳು:

"ಲೀಲಾಧರಣ್ಣ, ದೋಣಿ ಬಿಸಿಲಿಗ್ ಬಿರ್ಕ್ ಬಿಡ್ತಾ ಇತ್ತ್. ನೀವ್ ಒಬ್ರೇ ನಡ್ಸೂಕ್ ಆತ್ತಂದ್ರೆ ಇಟ್ಕಣಿ. ಆತಿಲ್ಲೆ ಅಂದ್ರೆ ಭಾನ್ವಾರ ಅವ್ರ್ ಗಾಡಿ ತಕಂಡ್ ಬತ್ರ್. ಕೊಟ್ಬಿಡುವ."

ಚಂದಯ್ಯ ಕೂತ ಜಾಗದಲ್ಲಿ ಚೆಂಡುಹೂವು! ಲೀಲಾಧರನಿಗೆ ಅನ್ನ ಇಳಿಯಲಿಲ್ಲ. ಒಬ್ಬನೇ ಹುಟ್ಟು ಹಾಕುವಷ್ಟು ಕಸುವೂ ಉಳಿದಿರಲಿಲ್ಲ. ಹಾಗಾಗಿ ಮಿಷಿನ್, ದೋಣಿಗೆ ಕಟ್ಟುವ ಎಂಜಿನ್.

ಬ್ರಹ್ಮಾವರದಲ್ಲಿ ಯಾರೋ ಮೂಲೆಗೆ ಹಾಕಿದ್ದ ಸಣ್ಣ ಮಿಷಿನ್ ಸಿಕ್ಕಿತು. ಅದನ್ನು ಹಳೇ ಬೆಡ್‌ಶೀಟಿನಲ್ಲಿ ತಲೆಯಿಂದ ಕಾಲಿನವರೆಗೆ ಸುತ್ತಿ, ಬಸ್ಸಿನಲ್ಲಿ ಪಕ್ಕದ ಸೀಟಿಗೆ ಒರಗಿಸಿ ನಿಲ್ಲಿಸಿಕೊಂಡ.

"ಅಮ್ಮಂಗ್ ಹುಷಾರಿಲ್ಯಾ?" ಎಂದು ಕೇಳಿದ ಕಂಡಕ್ಟರ್, ಕನಿಕರದಿಂದ. "ಕಿಟ್ಕಿ ಬದಿಗ್ ಕೂರ್ಸಿ, ಗಾಳಿ ಬತ್ತ್. ಟಿಕೆಟ್ ಎರಡಾ?"

"ಎರಡು," ಎಂದ ಲೀಲಾಧರ. ಎರಡು ಟಿಕೆಟ್ ತೆಗೆದೇ ಅಭ್ಯಾಸವಾದ ಬಾಯಿ.

ಮನೆಗೆ ತಂದ ಮೇಲೆ ಪರೀಕ್ಷೆ ಆಗಬೇಡವೇ? ಮಿಷಿನ್ನಿನ ಫ್ಯಾನ್ ಇರುವ ಬಾಲ ನೀರಿನಲ್ಲಿ ಮುಳುಗಿರಬೇಕು, ನೀರಿಲ್ಲದೆ ಓಡಿಸಬಾರದು ಎಂದು ಅವನು ಓದಿದ್ದ. ಅಡುಗೆಮನೆಯ ಹಿಂದೆ ನೀಲಿ ಡ್ರಮ್ ಇತ್ತು. ಮುಚ್ಚಳ ತೆಗೆದ. ಬಾಯಿತನಕ ನೀರು. ಡ್ರಮ್ಮಿನ ಅಂಚಿಗೆ ಹಲಗೆ ಕಟ್ಟಿ, ಮಿಷಿನ್ ಸಿಕ್ಕಿಸಿ, ಮನಸ್ಸಿನಲ್ಲೇ ತೆಂಗಿನಕಾಯಿ ಒಡೆದು ಹಗ್ಗ ಎಳೆದ.

ಮಿಷಿನ್ ಗರ್ಜಿಸಿತು! ಒಳಗಿನಿಂದ ವನಜ ಕೂಗುತ್ತ ಬಂದಳು. ಮೆಚ್ಚಿ ಕೂಗುತ್ತಿದ್ದಾಳೆಂದು ಭಾವಿಸಿ ಲೀಲಾಧರ ಇನ್ನಷ್ಟು ವೇಗ ಕೊಟ್ಟ. ಆಗ ಡ್ರಮ್ಮಿನಿಂದ ಹಳದಿ ಹಳದಿ ಏನೋ ಹಾರತೊಡಗಿತು. ಗೋಡೆಗೆ ಬಡಿಯಿತು, ಒಣಗಲು ಹಾಕಿದ ಸೀರೆಗೆ ಬಡಿಯಿತು, ಹೆಂಚಿನ ಮೇಲೆ ಕೂತ ಕಾಗೆಗೆ ಬಡಿಯಿತು, ಕೊನೆಗೆ ಲೀಲಾಧರನ ಕನ್ನಡಕಕ್ಕೆ ಬಂದು ಅಂಟಿಕೊಂಡಿತು.

ಮಿಷಿನ್ ನಿಂತ ಮೇಲೆ ವನಜಳ ಮಾತು ಕೇಳಿಸಿತು: "ಹ್ವಾಯ್! ಅದ್ ಹಲ್ಸಿನ ಸೊಳೆ ಡ್ರಮ್!"

ಮಳೆಗಾಲದ ಪಲ್ಯಕ್ಕೆಂದು ಉಪ್ಪುನೀರಿನಲ್ಲಿ ಹಾಕಿಟ್ಟ ಸೊಳೆ. ಈಗ ಡ್ರಮ್ಮಿನಲ್ಲಿ ಉಳಿದದ್ದು ಗಂಜಿ.

"ಉಪ್ಪುನೀರಲ್ಲ್ ಓಡ್ತಲ್ದಾ," ಎಂದ ಲೀಲಾಧರ ಮೆಲ್ಲಗೆ. "ಸಮುದ್ರಕ್ಕೂ ಅಡ್ಡಿಲ್ಲೆ."

"ಆಸಾಡಿ ತಿಂಗ್ಳಲ್ಲ್ ಮಿಷಿನನ್ನೇ ಬೇಯ್ಸಿ ಹಾಕ್ತೆ, ಉಣ್ಣಿ!"

ಬೈಯುತ್ತಲೇ ಅಂಗಳದಲ್ಲಿ ಚೂರು ಹೆಕ್ಕಲು ಕೂತ ವನಜ ಒಂದು ಚೂರನ್ನು ಸೆರಗಿಗೆ ಒರೆಸಿ ಅಂಗೈಯಲ್ಲಿಟ್ಟುಕೊಂಡಳು. ಆ ಸೊಳೆ ಬಿಡಿಸಿಕೊಟ್ಟವನು ಚಂದಯ್ಯ. ಇದೇ ಅಂಗಳದಲ್ಲಿ ಕೈಗೆ ಎಣ್ಣೆ ಹಚ್ಚಿಕೊಂಡು ಕೂತು, ಕೊಟ್ಟದ್ದಕ್ಕಿಂತ ಹೆಚ್ಚು ಬಾಯಿಗೆ ಹಾಕಿಕೊಂಡು ಬಿಡಿಸಿದ್ದ. ಲೀಲಾಧರನೂ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಇಬ್ಬರೂ ಒಂದೊಂದೇ ಚೂರು ಹೆಕ್ಕಿದರು.

ಶನಿವಾರ ಮೆಕ್ಯಾನಿಕ್ ರತೀಶ್ ದೋಣಿಗೆ ಮಿಷಿನ್ ಕಟ್ಟಲು ಬಂದ. ಚೂಪು ತುದಿಯ ದೋಣಿಗೆ ಹಿಂದೆ ಕಟ್ಟಲು ಜಾಗವಿಲ್ಲ. ಪಕ್ಕಕ್ಕೆ ಅಡ್ಡ ಹಲಗೆ ಹೊಡೆದೇ ಕಟ್ಟಬೇಕು.

"ನೀವ್ ಬಲಕ್ ಕೂಕಂಬ್ದಲ್ದಾ? ಮಿಷಿನ್ ಎಡಕ್ ಕಟ್ಟುವ. ತೂಕ ಸಮಾ ಆತ್ತ್."

"ಬ್ಯಾಡ. ಬಲಕ್ಕೇ ಕಟ್ಟ್."

"ಹಂಗಾರೆ ನೀವ್ ಎಡಕ್ ಕೂಕಂತ್ರಾ?"

"ಇಲ್ಲೆ. ನಾನೂ ಬಲಕ್ಕೇ."

ರತೀಶ್ ತಲೆ ಕೆರೆದುಕೊಂಡ. "ಇಬ್ರೂ ಬಲಕ್ ಕೂಕಂಡ್ರೆ ಎಡಕ್ ಯಾರ್ ಮರಾಯ್ರೆ?"

ಲೀಲಾಧರ ಹೊಳೆ ಕಡೆ ನೋಡಿದ. "ಪುಸ್ತಕದಲ್ಲ್ ಹಾಂಗೇ ಇತ್ತ್," ಎಂದ.

"ಯಾವ ಪುಸ್ತಕ?"

"ನಿಂಗ್ ಅರ್ಥ ಆಪ್ದಲ್ಲ. ಕಟ್ಟ್!"

ಅಂಥ ಪುಸ್ತಕ ಲೋಕದಲ್ಲಿ ಎಲ್ಲೂ ಇರಲಿಲ್ಲ. ರತೀಶ್ ಬಲಕ್ಕೇ ಕಟ್ಟಿ ಹೋದ.

ಭಾನುವಾರ ಬೆಳಿಗ್ಗೆ ಸುಜನ್ ಪಿಕಪ್ ತಂದು ದಡಕ್ಕೆ ನಿಲ್ಲಿಸಿದ. ಪದ್ದು ಬಂದು ತೆಂಗಿನಮರಕ್ಕೆ ಒರಗಿ ನಿಂತಳು. ವನಜ ಬಂದಳು. ಬಲೆಯ ಹರುಕು ಕಟ್ಟುತ್ತಿದ್ದ ತಿಮ್ಮ ಕೆಲಸ ಬಿಟ್ಟು ಎದ್ದ. ದಂಡಯಾತ್ರೆಗೆ ಹೊರಟ ಅರಸನಂತೆ ಲೀಲಾಧರ ತಲೆಗೆ ಮುಂಡಾಸು ಬಿಗಿದು, ದೋಣಿ ತಳ್ಳಿ, ಹತ್ತಿ ಬಲಕ್ಕೆ ಕೂತ. ಮಿಷಿನ್ನೂ ಅವನೂ ಒಂದೇ ಬದಿ. ದೋಣಿ ಆ ಬದಿಗೆ ವಾಲಿ, ಎಡಬದಿ ಆಕಾಶ ನೋಡಿತು. ಹಗ್ಗ ಎಳೆದ.

ದೋಣಿ ಹೊರಟಿತು! ಹೊರಟು, ಎಡಕ್ಕೆ ತಿರುಗಿತು. ಇನ್ನೂ ತಿರುಗಿತು. ತಿರುಗಿ ತಿರುಗಿ ಹೊರಟಲ್ಲಿಗೇ ಬಂತು. ಹಿಡಿ ತಿರುಗಿಸಿ ಸರಿ ಮಾಡೋಣವೆಂದರೆ ಹಿಡಿಗೆ ಅಡ್ಡವಾಗಿ ಅವನದೇ ಮೊಣಕಾಲು. ನಿಲ್ಲಿಸೋಣವೆಂದು ಗುಂಡಿ ಒತ್ತಿದರೆ ಗುಂಡಿಯೇ ಕಿತ್ತು ಕೈಗೆ ಬಂತು.

"ಹ್ವಾಯ್ ಲೀಲಾಧರಣ್ಣ! ಅಳಿವೆ ಇತ್ಲಾಗ್ ಇತ್ತ್!" ಎಂದು ತಿಮ್ಮ ಹೊಳೆ ಕಡಲು ಸೇರುವ ಕಡೆ ಕೈ ತೋರಿಸಿ ಕೂಗಿದ.

"ಗೊತ್ತಿತ್ತ್!" ಎಂದ ಲೀಲಾಧರ, ಬೆನ್ನು ತೋರಿಸಿಕೊಂಡು ಹೋಗುತ್ತ.

"ಸುತ್ತ್ ಬಪ್ಪುದಾರೆ ಬಲಕ್ ಬನಿ! ಇದ್ ಉಲ್ಟಾ ಸುತ್ತ್, ಇದ್..."

ತಿಮ್ಮ ಅಲ್ಲಿಗೇ ಮಾತು ನುಂಗಿಕೊಂಡ. ಉಲ್ಟಾ ಸುತ್ತು, ಅಂದರೆ ಅಪ್ರದಕ್ಷಿಣೆ, ಯಾರಿಗೆ ಬರುವುದೆಂದು ದಡದಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು. ಚಂದಯ್ಯನ ಚಿತೆಯ ಹತ್ತಿರ ಎಲ್ಲರೂ ನಿಂತು ನೋಡಿದವರೇ. ನಗುತ್ತಿದ್ದವರು ನೆಲ ನೋಡಿದರು. ದೋಣಿ ಮಾತ್ರ ನಿಲ್ಲಲಿಲ್ಲ. ಎಣ್ಣೆ ಮುಗಿಯುವ ತನಕ ಲೀಲಾಧರ ಒಬ್ಬನೇ ನಡುಹೊಳೆಯಲ್ಲಿ ಸುತ್ತು ಬಂದ.

"ಹೂವಿನ ಗಿಡಕ್ಕೆ ಈ ಉದ್ದ ಧಾರಾಳ ಸಾಕು," ಎಂದ ಸುಜನ್, ಪಿಕಪ್ಪಿನ ಬಾಗಿಲು ತೆಗೆಯುತ್ತ.

ಪದ್ದು ಸೀರೆ ಎತ್ತಿ ಕಟ್ಟಿ ಸೊಂಟಮಟ್ಟದ ನೀರಿಗೆ ಇಳಿದು, ದಡದತ್ತ ತೇಲಿ ಬಂದ ದೋಣಿಯ ಎಡ ಅಂಚಿಗೆ ಕೈ ಹಾಕಿ ಒತ್ತಿದಳು. ದೋಣಿ ನೇರವಾಯಿತು.

"ಮಿಷಿನ್ ಈ ಬದಿಗ್ ಕಟ್ಟುಕೆ ಎಂತ ಆಯಿತ್ತ್ ನಿಮ್ಗೆ?"

"ಆ ಬದಿ ಚಂದಯ್ಯಂದ್."

"ಬಸ್ಸಲ್ಲ್ ಟವೆಲ್ ಹಾಕ್ದಂಗೆ ಜಾಗ ಹಿಡ್ದಿಟ್ಟಿದ್ರ್ಯಾ? ಎಲ್ಲಿ ಹತ್ತ್‌ತ್ರ್ ಅವ್ರ್, ಯಾವ ಸ್ಟಾಪಲ್ಲ್?"

ಲೀಲಾಧರ ತಲೆಯ ಮುಂಡಾಸು ಬಿಚ್ಚಿದ. ಪದ್ದುವೇ ದೋಣಿ ಎಳೆದು ದಡಕ್ಕೆ ತಂದಳು. ತಿಮ್ಮ ಮಿಷಿನ್ ಬಿಚ್ಚಿ ಎಡಕ್ಕೆ ಎತ್ತಿಕೊಟ್ಟ. ವನಜ ಎಣ್ಣೆ ತಂದು ಹೊಯ್ದಳು. ಚಂದಯ್ಯನ ಬದಿಯಲ್ಲಿ ಕೂತ ಮಿಷಿನ್ನನ್ನು ನೋಡಲಾರದೆ ಲೀಲಾಧರ ಮುಖ ತಿರುಗಿಸಿಕೊಂಡೇ ಹಗ್ಗ ಎಳೆದ. ದೋಣಿ ದಾರ ಹಿಡಿದಂತೆ ನೆಟ್ಟಗೆ ಅಳಿವೆಯತನಕ ಹೋಯಿತು, ನೆಟ್ಟಗೆ ಬಂತು, ನಿಲ್ಲಿಸುವ ಗುಂಡಿ ಇಲ್ಲದ್ದರಿಂದ ದಡದ ಮರಳಿಗೆ ನುಗ್ಗಿ ನಿಂತಿತು. ಸುಜನ್ ಖಾಲಿ ಪಿಕಪ್ ತಿರುಗಿಸಿಕೊಂಡು ಹೋದ.

ಪದ್ದುವೊಬ್ಬಳ ಹೊರತು ಎಲ್ಲರೂ ಚದುರಿದರೂ ಲೀಲಾಧರ ದೋಣಿಯಿಂದ ಇಳಿಯಲಿಲ್ಲ.

"ಅವ ಇಲ್ದೆ ಖಾಲಿ ಕಾಂಬುಕೂ ಆತಿಲ್ಲೆ, ಅಲ್ಲಿ ಬೇರೆ ಎಂತಾರೂ ಕಾಂಬುಕೂ ಆತಿಲ್ಲೆ, ಪದ್ದಕ್ಕ. ನಿಮ್ಗ್ ಇದ್ ಅರ್ಥ ಆಪ್ದಲ್ಲ."

ಪದ್ದು ಸೆರಗು ಹಿಂಡುತ್ತ ಅವನ ಮುಖವನ್ನೇ ನೋಡಿದಳು.

"ನಮ್ಮನಿ ಮಂಚದಲ್ಲೂ ಒಂದ್ ಬದಿ ಖಾಲಿ ಇತ್ತ್, ಲೀಲಾಧರಣ್ಣ. ನಾನ್ ಅಲ್ಲಿ ಒಗ್ದ ಬಟ್ಟೆ ರಾಶಿ ಹಾಕಂಡ್ ಮನಿಕಂತೆ. ನಿಮ್ಮ್ ಮಿಷಿನ್ ಸದ್ದಾರೂ ಮಾಡ್ತ್."