ಕೆನಡಾ ವಿಭಾಗಕ್ಕೆ ನಾನು ಕಣ್ಣು ಬರೆದದ್ದು

ಐಸ್ ಹಾಕಿ ಎಂಬ ಆಟದ ಬಗ್ಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಸೇರಿಸಿ ನನ್ನಷ್ಟು ತಿಳಿದವನು ಆಗ ಇನ್ನೊಬ್ಬನಿರಲಿಲ್ಲ. ಇದು ಜಂಬದ ಮಾತಲ್ಲ. ಅಂಥ ಆಟವೊಂದಿದೆ ಎಂಬುದೇ ಬೇರೆ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ನಾನಾದರೂ ನೋಡಿದ್ದ ಮಂಜುಗಡ್ಡೆ ಎಂದರೆ ಆಲಿಕಲ್ಲು ಮಾತ್ರ, ಅದೂ ತಲೆಯ ಮೇಲೆ ಬಿದ್ದಾಗ.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಜಲಪಾತದ ಬಾಜೂಕ್ಕಿದ್ದ ಹತ್ತಿ ಗಿರಣಿಯಲ್ಲಿ ನಾನು ಹಾಜರಿ ಕಾರಕೂನ. ದಿನಾ ಬೆಳಿಗ್ಗೆ ಬಾಗಿಲಲ್ಲಿ ಕೂತು ಒಳಗೆ ಹೋಗುವವರ ಹೆಸರು ಬರೆಯುವುದು ನನ್ನ ಕೆಲಸ. ಮೂರು ವರ್ಷದಿಂದ ಅದು ಹಂಗಾಮಿ ಕೆಲಸವಾಗಿಯೇ ಉಳಿದಿತ್ತು. ನೇಯ್ಗೆ ಖಾತೆಯ ಸಾಹೇಬರು ಕೆನಡಾದವರು, ಒಳ್ಳೆಯ ಮನುಷ್ಯ. ನೌಕರಿ ಮುಗಿಸಿ ಊರಿಗೆ ಹೊರಟಿದ್ದ ಅವರು, ಹೋಗುವ ಮುಂಚೆ ನನ್ನನ್ನು ಕಾಯಂ ಮಾಡಲು ಒಂದು ಪತ್ರ ಬರೆದು ಕೊಡುವುದಾಗಿ ಮಾತು ಕೊಟ್ಟಿದ್ದರು. ಆ ಪತ್ರ ಸಿಗದಿದ್ದರೆ ನನ್ನ ಗತಿ ಯಮಕನಮರಡಿಯಲ್ಲಿ ಕಾದಿತ್ತು. ಅಲ್ಲಿ ನನ್ನ ಹೆಂಡತಿ ನೀಲವ್ವನ ಅಣ್ಣನದು ಕಿರಾಣಿ ಅಂಗಡಿ. "ದಸರಾಕ್ಕ ಕಾಯಂ ಆಗಲಿಲ್ಲಂದ್ರ ಬಂದು ಮೆಣಸಿನಕಾಯಿ ತೂಗ್ರಿ" ಎಂದು ಅವನು ಹೇಳಿ ಕಳಿಸಿದ್ದ. ಅವನ ಕೈಕೆಳಗೆ ಕೂತು ಸೀನುತ್ತಾ ಬಾಳುವುದನ್ನು ನೆನೆದರೇ ನನಗೆ ಊಟ ಸೇರುತ್ತಿರಲಿಲ್ಲ.

ಸಾಹೇಬರಿಗೆ ಅವರ ದೇಶದ ಐಸ್ ಹಾಕಿಯೆಂದರೆ ಪ್ರಾಣ. ಪಗಾರ ಕೊಟ್ಟು ಆಡಿಸುವ ಆ ಪಂದ್ಯಾವಳಿಯಲ್ಲಿ ತಂಡಗಳು ಹತ್ತಾದಾಗ ಅವನ್ನು ಎರಡು ಪಾಲು ಮಾಡಿದ್ದರು. ಒಂದು ಅಮೆರಿಕ ವಿಭಾಗ, ಇನ್ನೊಂದು ಕೆನಡಾ ವಿಭಾಗ. ಕೆನಡಾ ವಿಭಾಗದ ಐದು ತಂಡಗಳಲ್ಲಿ ಒಂದು ಕೆನಡಾದ್ದೇ ಅಲ್ಲ, ಅಮೆರಿಕದ ಊರಿನದು, ಲೆಕ್ಕ ತುಂಬಿಸಲು ಈ ಕಡೆ ಹಾಕಿದ್ದರು. ಉಳಿದ ನಾಲ್ಕರಲ್ಲಿ ಎರಡು ಒಂದೇ ಊರಿನವು, ಒಂದನ್ನೊಂದು ಕಂಡರಾಗದು. ಅವೆರಡರಲ್ಲಿ ಕಂದುಗೆಂಪು ಅಂಗಿಯ ತಂಡ ನಮ್ಮ ಸಾಹೇಬರದು. ಪತ್ರಿಕೆಯ ತುಂಡುಗಳನ್ನು ಕತ್ತರಿಸಿ ಒಂದು ದೊಡ್ಡ ಕಡತದಲ್ಲಿ ಅವರು ಅಂಟಿಸಿಟ್ಟಿದ್ದರು. ನನ್ನ ತಿಳಿವಳಿಕೆಯೆಲ್ಲ ಅದನ್ನು ಓದಿ ಬಂದದ್ದು.

ಬೀಳ್ಕೊಡುಗೆಗೆ ಏನು ಕೊಡೋಣ ಎಂದು ಗಿರಣಿಯ ಮಂದಿ ಕೂಡಿದಾಗ ನಾನು ಎದ್ದು ನಿಂತೆ. ಕೆನಡಾ ವಿಭಾಗದ ಸಮಗ್ರ ಇತಿಹಾಸವನ್ನು ಬರೆದು ಓದುವುದಾಗಿಯೂ, ಐದು ತಂಡಗಳ ಮೂವತ್ತು ಆಟಗಾರರನ್ನು ಗೋಕಾಕದ ಕಟ್ಟಿಗೆಯ ಗೊಂಬೆಗಳಾಗಿ ಮಾಡಿಸಿಕೊಡುವುದಾಗಿಯೂ ಗಂಭೀರವಾಗಿ ಘೋಷಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಏಳದೆ ಕೂತೇ ಇದ್ದಿದ್ದರೆ ಚೆನ್ನಾಗಿತ್ತು.

ಗೋಕಾಕದ ಗೊಂಬೆ ಮಾಡುವ ಫಕೀರಪ್ಪನಿಗೆ ಕಡತದ ಚಿತ್ರಗಳನ್ನು ತೋರಿಸಿ ಕೆಲಸ ಒಪ್ಪಿಸಿದೆ. ಅವನ ಕೈಯಲ್ಲಿ ಆದ ಕಟ್ಟಿಗೆಯ ಸೀತಾಫಲಕ್ಕೆ ಗಿಳಿ ಬಂದು ಕುಕ್ಕುತ್ತದೆ ಎನ್ನುತ್ತಿದ್ದರು. ಮೂರು ವಾರ ಬಿಟ್ಟು ಹೋದರೆ ಮೂವತ್ತೂ ಗೊಂಬೆಗಳು ಸಾಲಾಗಿ ನಿಂತಿದ್ದವು. ಬಿಳಿಯ ಮುಖ, ಬಣ್ಣದ ಅಂಗಿ, ಕೈಯಲ್ಲಿ ಕೊಕ್ಕೆಕೋಲು, ಪಾದದ ಕೆಳಗೆ ಮಂಜುಗಡ್ಡೆಯ ಮೇಲೆ ಜಾರುವ ಚೂರಿ. ಆದರೆ ಒಂದಕ್ಕೂ ಕಣ್ಣಿರಲಿಲ್ಲ. ಗೊಂಬೆಗೆ ಕಣ್ಣು ಬರೆಯುವುದು ಕಟ್ಟಕಡೆಗೆ, ಸ್ನಾನ ಮಾಡಿ, ಊದುಬತ್ತಿ ಹಚ್ಚಿ. ಅದು ಅವರ ಮನೆತನದ ಪದ್ಧತಿ.

"ಇವ್ರು ನಿಂತಿದ್ದು ಯಾತರ ಮ್ಯಾಲ್ರಿ, ಕಾರಕೂನ್ರ?" ಎಂದು ಫಕೀರಪ್ಪ ಕುಂಚ ಕೆಳಗಿಟ್ಟು ಕೇಳಿದ.

"ನೀರಿನ ಮ್ಯಾಲ. ಗಟ್ಟಿಯಾದ ನೀರು."

"ನೀರಿನ ಮ್ಯಾಲ ನಿಲ್ಲೋರಿಗೆ ಈ ಊರಾಗ ಏನಂತಾರ, ಗೊತ್ತೈತೇನ್ರಿ ನಿಮಗ?"

ಗೊತ್ತಿತ್ತು. ಹೊಳೆ ತುಂಬಿ ಬಂದ ವರ್ಷ ಜಲಪಾತದಲ್ಲಿ ಕೊಚ್ಚಿಹೋಗಿ ಸತ್ತವರು ಸಂಜೆ ಮಂಜು ಎದ್ದಾಗ ನೀರಿನ ಮೇಲೆ ನಿಂತದ್ದನ್ನು ನೋಡಿದೆವು ಎನ್ನುವವರು ಆ ಊರಿನಲ್ಲಿ ಮನೆಗೊಬ್ಬರಿದ್ದಾರೆ. ಅವನ ಭಯ ಕಳೆಯೋಣವೆಂದು ನಾನು ವಿಭಾಗದ ಇತಿಹಾಸವನ್ನೇ ಹೇಳತೊಡಗಿದೆ. ಕೆನಡಾದ ರಾಜಧಾನಿಯ ತಂಡ ಒಂದು ವರ್ಷ ಪೂರ್ತಿ ಇಲ್ಲವಾಗಿತ್ತು, ಮರುವರ್ಷ ಮತ್ತೆ ಎದ್ದು ಬಂತು, ಆಮೇಲೆ ಬೇರೆ ಊರಿಗೆ ಹೋಗಿ ಬೇರೆ ಹೆಸರಿನಲ್ಲಿ ಆಡಿತು, ಅಲ್ಲಿಯೂ ಸತ್ತಿತು. ಇನ್ನೊಂದು ತಂಡದ ದೊಡ್ಡ ಆಟಗಾರ ತೀರಿಕೊಂಡಾಗ ಅವನನ್ನು ಆ ಮಂಜುಗಡ್ಡೆಯ ನಟ್ಟನಡುವೆ ತಂದಿಟ್ಟಿದ್ದರು, ಸಾವಿರಾರು ಮಂದಿ ಸುತ್ತ ಕೂತು ಉಸಿರೆತ್ತದೆ ನೋಡಿದ್ದರು.

ಹೇಳುತ್ತಾ ಹೇಳುತ್ತಾ ನಾನೇ ಬಾಗಿಲ ಕಡೆ ಸರಿದು ಕೂತೆ. ಫಕೀರಪ್ಪ ಗೊಂಬೆಗಳನ್ನು ಬುಟ್ಟಿಗೆ ತುಂಬಿ ನನ್ನ ಮುಂದಿಟ್ಟ.

"ಸತ್ತು ಎದ್ದು ಬಂದವ್ರಿಗೆ ನಾ ಕಣ್ಣ ತೆರಸಾಂಗಿಲ್ರಿ. ಹಿಂಗ ಒಯ್ರಿ."

ಕಣ್ಣಿಲ್ಲದ ಮೂವತ್ತು ಜನರನ್ನು ಹೊತ್ತುಕೊಂಡು ಮನೆಗೆ ಬಂದೆ. ನಮ್ಮದು ಗಿರಣಿಯ ಚಾಳಿನಲ್ಲಿ ಒಂದೇ ಕೋಣೆ. ಗೋಡೆಯ ಹಲಗೆಯ ಮೇಲೆ ತಂಡವಾರು ನಿಲ್ಲಿಸಿ, ಪ್ರತಿಯೊಂದರ ಅಡಿಗೆ ಹೆಸರು ಬರೆದ ಚೀಟಿ ಅಂಟಿಸಿದೆ. ಫಕೀರಪ್ಪನಿಗೆ ಹೇಳಿದ್ದನ್ನೆಲ್ಲ ನೀಲವ್ವನಿಗೂ ಹೇಳಿದೆ. ಅವಳು ಒಲೆಯ ಮುಂದೆ ಕೂತು ನೋಡಿದಳು.

"ಸತ್ತ ಆಟಗಾರನ್ನ ಆ ಮಂಜಿನ ಮ್ಯಾಲ ಇಟ್ಟಿದ್ರಂದ್ರಲ್ಲ, ಕುಂದ್ರಿಸಿದ್ರೋ, ಮಲಗಿಸಿದ್ರೋ?"

ನಮ್ಮಲ್ಲಿ ತೀರಿಕೊಂಡವರನ್ನು ಕೂಡ್ರಿಸಿಯೇ ಮಣ್ಣು ಮಾಡುವುದು. ಮಲಗಿಸಿದ್ದರು ಎಂದೆ.

"ಹಂಗಾರ ಖರೆ. ಮಲಗಿದವ್ರು ಎದ್ದು ಬರ್ತಾರ," ಎಂದು ಅವಳು ರೊಟ್ಟಿ ತಟ್ಟಲು ತಿರುಗಿದಳು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಕಡೆ ಮುಖ ಮಾಡಿದ್ದ ಗೊಂಬೆಗಳಲ್ಲಿ ನಾಲ್ಕು ಗೋಡೆಯ ಕಡೆ ತಿರುಗಿದ್ದವು. ಅದರ ಮರುದಿನ ಒಂಬತ್ತು. ಮೂರನೆಯ ದಿನ ರಾಜಧಾನಿಯ ತಂಡ ಆರಕ್ಕಾರೂ ನೆಲಕ್ಕೆ ಬಿದ್ದಿತ್ತು. ಇತಿಹಾಸದಲ್ಲಿ ಮೊದಲು ಸತ್ತದ್ದೂ ಅದೇ.

ಪಕ್ಕದ ಕೋಣೆಯಲ್ಲಿ ಮೂಡಲಗಿಯ ಇಮಾಮಸಾಬನಿದ್ದ. ಗಿರಣಿಯ ಬಾಯ್ಲರಿಗೆ ಬೆಂಕಿ ಹಾಕುವವನು, ಯಾವುದಕ್ಕೂ ಅಂಜುವವನಲ್ಲ. ಅವನನ್ನು ಕರೆದು ತೋರಿಸಿ, ಸತ್ತ ತಂಡದ ಕಥೆಯನ್ನೂ ಹೇಳಿದೆ. ಹಲಗೆಗೆ ಅಂಗೈ ಒತ್ತಿ ನಿಂತ.

"ಗಿರಣಿ ನಡದಾಗ ಗ್ವಾಡಿ ನಡಗತೈತಿ, ಕಾರಕೂನ್ರ. ಅದಕ್ಕ ಸರೀತಾವ," ಎಂದ. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅವನು ಚೀಟಿಗಳನ್ನು ನೋಡಿದ. "ಆದ್ರ ಒಂದ್ ಮಾತು. ಇವ್ರು ಸತ್ತಿದ್ದಕ್ಕ ನೀವು ಬರದ್ರೋ, ನೀವು ಹೆಸರು ಬರದದ್ದಕ್ಕ ಇವ್ರು ಬಿದ್ರೋ?"

ನಕ್ಕುಬಿಟ್ಟೆ. ನಾನು ಮ್ಯಾಟ್ರಿಕ್ ಪಾಸಾದವನು, ಇಂಥ ಮಾತಿಗೆಲ್ಲ ಅಂಜಲು ಆಗುತ್ತದೆಯೇ? ಅವನು ಹೋದ ಮೇಲೆ ಮಾತ್ರ, ಯಾಕಿದ್ದೀತು ಎಂದು, ರಾಜಧಾನಿಯ ತಂಡದ ಚೀಟಿಗಳನ್ನು ಕಿತ್ತು ಒಲೆಗೆ ಹಾಕಿದೆ.

ಕಣ್ಣಿನ ಕೆಲಸ ಉಳಿದಿತ್ತು. ಫಕೀರಪ್ಪ ಬರೆಯದಿದ್ದರೆ ನಾನು ಬರೆಯಬಾರದೇ? ದಿನಕ್ಕೆ ಮುನ್ನೂರು ಹೆಸರು ಬರೆಯುವ ಕೈಗೆ ಅರವತ್ತು ಚುಕ್ಕೆ ದೊಡ್ಡದಲ್ಲ. ರವಿವಾರ ಮಧ್ಯಾಹ್ನ ಹಾಜರಿ ಪುಸ್ತಕದ ನೀಲಿ ಮಸಿಯಿಂದ ಮೂವತ್ತೂ ಜನರಿಗೆ ಕಣ್ಣು ಬರೆದೆ. ಸ್ನಾನ ಮಾಡಲಿಲ್ಲ, ಊದುಬತ್ತಿ ಹಚ್ಚಲಿಲ್ಲ. ನನಗೆ ತಿಳಿದಿದ್ದ ಕಣ್ಣೆಂದರೆ ದೇವರ ಮುಖವಾಡದ್ದು, ಆದ್ದರಿಂದ ಎಲ್ಲ ಕಣ್ಣೂ ಭಾರಿ ದೊಡ್ಡದಾದವು. ಕೋಣೆಯಲ್ಲಿ ಎಲ್ಲಿ ನಿಂತರೂ ಅವು ನಮ್ಮನ್ನೇ ನೋಡುತ್ತಿದ್ದವು. ನೀಲವ್ವ ಅಂದಿನಿಂದ ಸೀರೆ ಉಡಲು ಇಮಾಮಸಾಬನ ಮನೆಯ ಹೆಂಗಸರ ಬಳಿ ಹೋಗತೊಡಗಿದಳು.

ಬೀಳ್ಕೊಡುಗೆಗೆ ಎರಡು ದಿನವಿದ್ದಾಗ ಸಾಹೇಬರಿಗೆ ಟಪಾಲಿನಲ್ಲಿ ಪತ್ರಿಕೆಗಳ ಕಟ್ಟು ಬಂತು. ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿದ್ದ ಅವರು ಬಿಚ್ಚಿಯೂ ನೋಡದೆ, "ಇದರಲ್ಲಿ ಹೊಸದೇನಾದರೂ ಇದ್ದರೆ ನಿನ್ನ ಇತಿಹಾಸಕ್ಕೆ ಸೇರಿಸಿಕೋ" ಎಂದು ನನ್ನ ಕೈಗಿಟ್ಟರು. ಹೊಸದು ಇತ್ತು. ಮುತ್ತಿನಂಥ ಅಕ್ಷರದಲ್ಲಿ ಸೇರಿಸಿಕೊಂಡೆ. ಇಂಥ ದೊಡ್ಡ ಸುದ್ದಿ ಸಾಹೇಬರಿಗೆ ತಂತಿಯಲ್ಲೋ ಪತ್ರದಲ್ಲೋ ತಿಳಿದೇ ಇರುತ್ತದೆ ಎಂದುಕೊಂಡೆ. ಕೇಳಲಿಲ್ಲ. ನನ್ನ ಎಲ್ಲ ಪ್ರಮಾದಗಳ ಪೈಕಿ ಇದಕ್ಕೆ ಮೊದಲ ಸ್ಥಾನ ಕೊಡಬೇಕು.

ಸಮಾರಂಭ ಜಲಪಾತದ ಎದುರಿನ ಪಡಸಾಲೆಯಲ್ಲಿ, ಸಂಜೆ ಐದಕ್ಕೆ. ಮಳೆಗಾಲದ ಹೊಳೆ ಮೈತುಂಬಿ ಧುಮುಕುತ್ತಿತ್ತು. ಅದರ ತುಂತುರು ಹೊಗೆಯಂತೆ ಎದ್ದು ಪಡಸಾಲೆಯ ಒಳಗೇ ಬರುತ್ತಿತ್ತು. ಮೇಜಿನ ಮೇಲೆ ಒಂದು ದೊಡ್ಡ ಕನ್ನಡಿಯನ್ನು ಮಲಗಿಸಿ, ಅದೇ ಮಂಜುಗಡ್ಡೆಯೆಂದು ಅದರ ಮೇಲೆ ಮೂವತ್ತು ಜನರನ್ನು ನಿಲ್ಲಿಸಿದ್ದೆ. ಸಾಹೇಬರು ನೋಡಿ ಬಹಳ ಸಂತೋಷಪಟ್ಟರು. ಕಂದುಗೆಂಪು ಅಂಗಿಯ ಒಂದು ಗೊಂಬೆಯನ್ನು ಎತ್ತಿ, ಹೆಸರು ಹಿಡಿದು ಕರೆದರು. ಕಾಯಂ ಪತ್ರ ಅವರ ಕೋಟಿನ ಜೇಬಿನಲ್ಲಿ ಕಾಣುತ್ತಿತ್ತು. ಸಹಿ ಒಂದೇ ಬಾಕಿ.

ನಾನು ಓದತೊಡಗಿದೆ. ಒಂದು ಸಾಲು ಇಂಗ್ಲಿಷಿನಲ್ಲಿ, ಅದೇ ಸಾಲು ಕನ್ನಡದಲ್ಲಿ. ಮಠದಲ್ಲಿ ಶ್ರಾವಣದ ಪುರಾಣ ಕೇಳುವವರಂತೆ ಮಂದಿ ಕೈಕಟ್ಟಿ ಕೇಳಿದರು. ವಿಭಾಗ ಹುಟ್ಟಿತು, ಬೆಳೆಯಿತು, ರಾಜಧಾನಿಯ ತಂಡ ಸತ್ತು ಎದ್ದು ಮತ್ತೆ ಸತ್ತಿತು. ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ನನಗೆ ಹುರುಪು ಬಂತು. ದನಿ ಏರಿಸಿ ಕೊನೆಯ ಪುಟ ಓದಿದೆ: "ಈ ವರ್ಷ ಕಂದುಗೆಂಪು ಅಂಗಿಯ ತಂಡವೂ ಬಾಗಿಲು ಮುಚ್ಚಿತು. ತಂಡಗಳು ಸಾಲದೆ ಕೆನಡಾ ವಿಭಾಗವೂ ಇಲ್ಲವಾಯಿತು."

ಸಾಹೇಬರ ಕೈಯಲ್ಲಿ ಗೊಂಬೆ ಹಾಗೆಯೇ ಇತ್ತು. "ಏನಂದೆ?" ಎಂದರು. ಅವರ ಮುಖ ಗೊಂಬೆಯ ಮುಖದಷ್ಟೇ ಬೆಳ್ಳಗಾಗಿತ್ತು. ಅಯ್ಯೋ, ಇವರಿಗೆ ಗೊತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ಆಗ.

ಸಾವಿನ ಸುದ್ದಿ ಕೇಳಿ ಕೂತಿರಬಾರದೆಂದು ಮಂದಿಯೆಲ್ಲ ಎದ್ದು ನಿಂತರು. ಆಗ ನೀಲವ್ವ ಮೆಲ್ಲಗೆ ಮೇಜಿನ ಕಡೆ ಕೈ ತೋರಿಸಿದಳು. ಮೂವತ್ತೂ ಜನ ಅಳುತ್ತಿದ್ದರು. ದೊಡ್ಡ ದೊಡ್ಡ ಕಣ್ಣುಗಳಿಂದ ನೀಲಿ ನೀರು ಬಿಳಿಯ ಕೆನ್ನೆಗಳ ಮೇಲೆ ಇಳಿದು ಕನ್ನಡಿಯ ಮೇಲೆ ಬೀಳುತ್ತಿತ್ತು. ಕನ್ನಡಿಯೊಳಗೆ ಇನ್ನೂ ಮೂವತ್ತು ಜನ ತಲೆಕೆಳಗಾಗಿ ನಿಂತು ಅಳುತ್ತಿದ್ದರು. ತುಂತುರು ತಾಗಿದರೆ ಹಾಜರಿ ಮಸಿ ಕರಗುತ್ತದೆ ಎಂಬುದು ನನಗೆ ಗೊತ್ತಿದ್ದ ವಿಷಯವೇ. ಆದರೂ ಕೈಯಲ್ಲಿದ್ದ ಇತಿಹಾಸವನ್ನು ಎದೆಗೊತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ.

ಪಡಸಾಲೆ ಮೆಲ್ಲಗೆ ಖಾಲಿಯಾಯಿತು. ಸಾಹೇಬರೊಬ್ಬರೇ ಗೊಂಬೆಯ ಕೆನ್ನೆಯನ್ನು ಕರವಸ್ತ್ರದಿಂದ ಒರೆಸುತ್ತಾ ಕೂತರು. ನನಗೆ ನಿಜವಾಗಿಯೂ ದುಃಖವಾಯಿತು. ಊರಿಗೆ ಹೋಗಿ ಆ ತಂಡದ ಆಟ ನೋಡುವುದೊಂದೇ ಅವರ ಆಸೆಯಾಗಿತ್ತು, ಅದನ್ನು ನಾನು ನಾಲ್ಕು ಜನರ ಮುಂದೆ ರಾಗವಾಗಿ ಮುಗಿಸಿಬಿಟ್ಟಿದ್ದೆ. ಮೆಣಸಿನಕಾಯಿಯ ಘಾಟು ಅಲ್ಲಿಯೇ ಮೂಗಿಗೆ ಬಡಿಯಿತು. ಆದರೆ ಅವರು ದೊಡ್ಡ ಮನುಷ್ಯರು. "ತಪ್ಪು ನಿನ್ನದಲ್ಲ, ನೀನು ಬರೆದದ್ದು ಸರಿಯಾಗಿದೆ" ಎಂದು ಪತ್ರಕ್ಕೆ ಸಹಿ ಹಾಕಿ ಕೊಟ್ಟರು. ಕಂದುಗೆಂಪಿನ ಆರು ಜನರನ್ನು ಮಾತ್ರ ಜೇಬಿಗೆ ಹಾಕಿಕೊಂಡು ಮೋಟಾರು ಹತ್ತಿದರು.

ಮರುದಿನ ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ನಾನು ಹಾಜರಿ ಪುಸ್ತಕ ತೆಗೆದರೆ ಒಬ್ಬನೂ ಹೆಸರು ಹೇಳಲಿಲ್ಲ.

"ಸಿಟ್ಟ ಮಾಡ್ಕೋಬ್ಯಾಡ್ರಿ, ಕಾರಕೂನ್ರ," ಎಂದ ಇಮಾಮಸಾಬ, ಯಾವುದಕ್ಕೂ ಅಂಜದವನು. "ನಿಮ್ಮ ಕೈಲೆ ನಮ್ಮ ಹೆಸರು ಬರಿಯೂದು ಬ್ಯಾಡ. ಮಕ್ಕಳೊಂದಿಗ ಅದೀವಿ."

ಅವರ ಮೌಢ್ಯಕ್ಕೆ ಮರುಗುತ್ತಾ, ವಿದ್ಯಾವಂತನ ಠೀವಿಯಿಂದ ಪತ್ರ ಹಿಡಿದು ಕಚೇರಿಗೆ ಹೋದೆ. ಹಿರಿಯ ಕಾರಕೂನರು ಪತ್ರ ಓದಿ, ಕಾಯಂ ನೌಕರರ ದೊಡ್ಡ ಪುಸ್ತಕ ತೆಗೆದು ನನ್ನ ಮುಂದೆ ಸರಿಸಿದರು. "ಇಲ್ಲಿ ನಿಮ್ಮ ಕೈಲೆ ನಿಮ್ಮ ಹೆಸರು ಬರೀರಿ. ಮುಗೀತು."

ಲೇಖನಿಯನ್ನು ಮಸಿಗೆ ಅದ್ದಿದೆ. ಅದೇ ನೀಲಿ ಮಸಿ. ಮೂರು ವರ್ಷ ಕಾದ ಜಾಗ ಕಣ್ಣ ಮುಂದೆ ಖಾಲಿ ಬಿದ್ದಿತ್ತು. ಮೊದಲ ಅಕ್ಷರಕ್ಕೆ ಕೈ ಇಳಿಸಿದೆ, ಎತ್ತಿದೆ. ಮತ್ತೆ ಇಳಿಸಿದೆ. ಮಸಿ ಲೇಖನಿಯಲ್ಲೇ ಒಣಗಿತು.

"ಯಾಕ್ರಿ, ಕೈಗೇನಾತು?" ಎಂದರು ಹಿರಿಯರು.

"ನೋವೈತ್ರಿ," ಎಂದು ಎಡಗೈಯ ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿ ಆ ಜಾಗದಲ್ಲಿ ಒತ್ತಿದೆ. ಹಿರಿಯ ಕಾರಕೂನರು ನನ್ನನ್ನೊಮ್ಮೆ ನೋಡಿ, ಕನ್ನಡಕ ಸರಿಮಾಡಿಕೊಂಡು, ನಿಯಮದ ಪ್ರಕಾರ ಅದರ ಪಕ್ಕದಲ್ಲಿ ಬರೆದರು: "ಓದು ಬರಹ ಬಾರದು."