ತಿರುಗಿಸಿ ನೋಡಿದ ಲಾಭ

ಬಾಯಿ ಮುಚ್ಚಿಕೊಂಡು ಟೀ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಸಾಬೂನು ಕಾರ್ಖಾನೆಯ ಲೆಕ್ಕದ ಗುಮಾಸ್ತ ಲೋಟ ಕೆಳಗಿಟ್ಟು, “ಕಂಪ್ಯೂಟರಲ್ಲಿ ಗಣಿತದ ಚಿತ್ರ ಬಿಡಿಸೋದು ಕಲಿತಿದೀನಿ. ಸಾಬೂನಿನ ಬೆಲೆ ಒಂದ್ಕಡೆ, ಸುವಾಸನೆ ಇನ್ನೊಂದ್ಕಡೆ ಹಾಕಿದ್ರೆ ಲಾಭ ಬೆಟ್ಟದ ಥರ ಎದ್ದು ನಿಲ್ಲುತ್ತೆ” ಎಂದು ಕೊಚ್ಚಿಕೊಂಡ. ಕಲಿತದ್ದು ಹಿಂದಿನ ಭಾನುವಾರ, ಹೊಸಬರಿಗಾಗಿ ಮಾಡಿದ ವಿಡಿಯೋ ಒಂದರ ಮೊದಲರ್ಧ ನೋಡಿ.

ಮಾರಾಟ ವಿಭಾಗದ ಹೌದಪ್ಪ ಇದನ್ನು ಸಾಹೇಬರ ಕಿವಿಗೆ ಹಾಕಿದ. ಸಾಹೇಬರು ಏನಂದರೂ ‘ಹೌದು’ ಎನ್ನುವುದರಿಂದ ಅವನಿಗೆ ಆ ಹೆಸರು.

“ಮಧ್ಯಾಹ್ನ ತೋರಿಸಿ. ನಾಳೆ ಮಾಲೀಕರು ಬರ್ತಾರೆ. ಚೆನ್ನಾಗಿದ್ರೆ ನಿಮ್ಮ ಬಡ್ತಿ ವಿಷಯ ಮಾತಾಡೋಣ” ಎಂದರು ಸಾಹೇಬರು. ವರ್ಷಗಳಿಂದ ಬಡ್ತಿಗೆ ಬಾಯಿಬಿಟ್ಟುಕೊಂಡು ಕೂತಿದ್ದ ಗುಮಾಸ್ತ ಹೆಂಡತಿಗೆ ಫೋನ್ ಮಾಡಿಯೂಬಿಟ್ಟ. ಅವಳು ಅಕ್ಕಪಕ್ಕದ ಮನೆಗೆಲ್ಲ ಹೇಳಿಬಂದಳು.

ಮಧ್ಯಾಹ್ನ ಪರದೆಯ ಮೇಲೆ ಬಂದದ್ದು ಬೆಟ್ಟವಲ್ಲ, ಇಸ್ತ್ರಿ ಮಾಡಿದ ಚಾದರ.

“ಲಾಭ ಮಲಗಿಬಿಟ್ಟಿದ್ಯಲ್ರೀ!” ಎಂದಳು ಟೈಪಿಸ್ಟ್.

“ಬಣ್ಣ ಹಾಕಿ, ಏಳುತ್ತೆ” ಎಂದ ಉಗ್ರಾಣದವನು. ಬಣ್ಣ ಹಾಕಿದರೆ ಚಾದರ ಕೆಂಪಾಯಿತು, ಅಷ್ಟೇ. ಗುಮಾಸ್ತ ಬೆವರಿಹೋದ. ಕೊನೆಗೆ ನೋಡಿದರೆ ಎತ್ತರದ ಅಳತೆಯಲ್ಲಿ ಎರಡು ಸೊನ್ನೆ ಹೆಚ್ಚಿಗೆ ಒತ್ತಿದ್ದ. ಅವನ್ನು ತೆಗೆದ ಕೂಡಲೇ ಚಾದರ ಕುದುರೆಯ ಜೀನಿನಂತೆ ಬಾಗಿ ಎದ್ದಿತು. ನಟ್ಟನಡುವೆ ಒಂದು ಚುಕ್ಕೆ.

“ಆ ಚುಕ್ಕೇನೇ ಇವತ್ತಿನ ನಾವು, ಸಾರ್. ಈಗಿನ ಬೆಲೆ, ಈಗಿನ ಸುವಾಸನೆ.”

“ಆಹಾ, ತುತ್ತತುದೀಲಿದೀವಿ!” ಸಾಹೇಬರು ಹಿಗ್ಗಿದರು.

“ಹೌದು ಸಾರ್” ಎಂದ ಹೌದಪ್ಪ, ಇನ್ನೂ ಚೆನ್ನಾಗಿ ತೋರಿಸಲೆಂದು ಮೌಸ್ ಹಿಡಿದು ಎಳೆದ. ಚಿತ್ರ ಪಕ್ಕಕ್ಕೆ ತಿರುಗಿತು. ಈಗ ಚುಕ್ಕೆ ಗುಂಡಿಯ ತಳದಲ್ಲಿತ್ತು.

“ಏನ್ರೀ ಇದು?”

“ಎರಡೂ ನಿಜ ಸಾರ್” ಎಂದ ಗುಮಾಸ್ತ. “ಬೆಲೆ ಏರಿಸಿದ್ರೂ ಇಳಿಸಿದ್ರೂ ಲಾಭ ಕಮ್ಮಿಯಾಗುತ್ತೆ, ಆ ಕಡೆಯಿಂದ ನೋಡಿದ್ರೆ ತುದಿ. ಸುವಾಸನೆ ಹೆಚ್ಚು ಮಾಡಿದ್ರೂ ಕಮ್ಮಿ ಮಾಡಿದ್ರೂ ಲಾಭ ಏರುತ್ತೆ, ಈ ಕಡೆಯಿಂದ ಗುಂಡಿ. ಅಂದ್ರೆ ಈಗಿರೋ ಸುವಾಸನೇನೇ ಎಲ್ಲಕ್ಕಿಂತ…”

“ಅದನ್ನ ಆರಿಸಿದ್ದು ನಾನು” ಎಂದರು ಸಾಹೇಬರು.

ಹೌದಪ್ಪ ಮೌಸ್ ಬಿಟ್ಟು ಹಿಂದೆ ಸರಿದ. ಸಾಹೇಬರು ತಾವೇ ಮೌಸ್ ಹಿಡಿದು, ಆಟಿಕೆ ಸಿಕ್ಕ ಮಗುವಿನಂತೆ ಚಿತ್ರವನ್ನು ಹಿಂದೆಮುಂದೆ ತಿರುಗಿಸಿದರು. ಚುಕ್ಕೆ ತುದಿಗೆ ಬಂದಾಗ ನಿಲ್ಲಿಸಿದರು.

“ನಾಳೆ ಮಾಲೀಕರಿಗೆ ಹೀಗೇ ತೋರಿಸಿ, ಅಲ್ಲಾಡಿಸಬೇಡಿ. ಭಲೇ, ಒಳ್ಳೇ ಕೆಲಸ!”

ಗುಮಾಸ್ತನಿಗೆ ಹೋದ ಜೀವ ಬಂತು. “ಹಾಗಾದ್ರೆ ಸಾರ್, ನನ್ನ ಬಡ್ತಿ?”

ಸಾಹೇಬರು ನಿಧಾನವಾಗಿ ಚಿತ್ರವನ್ನು ಮತ್ತೆ ಪಕ್ಕಕ್ಕೆ ತಿರುಗಿಸಿದರು. “ನೋಡ್ರೀ ಇಲ್ಲಿ. ಕಂಪನಿ ಇಂಥ ಗುಂಡೀಲಿ ಬಿದ್ದಿರುವಾಗ ಬಡ್ತಿ ಕೇಳೋಕೆ ನಿಮಗೆ ಮನಸ್ಸಾದ್ರೂ ಹೇಗ್ ಬಂತು?”

“ಹೌದು ಸಾರ್” ಎಂದ ಹೌದಪ್ಪ.