ಕೆರೆ ಬಯಲಿನ ತಂತಿಮುಕ್ತ ವಾಸ

ಕರೆಂಟಿನ ತಂತಿಯ ಹಂಗಿಲ್ಲದೆ ಬದುಕುವ ಹಕ್ಕು ಎಲ್ಲರಿಗೂ ಇದೆ. ಆದರೆ ಅದಕ್ಕೂ ಮೊದಲು ತಂತಿ ಎಳೆಸಿಕೊಂಡಿರತಕ್ಕದ್ದು. ಬಸವಕಲ್ಯಾಣದ ತಂತಿಮುಕ್ತ ವಾಸ ಖಾತ್ರಿ ಕಚೇರಿಯ ಈ ನಿಯಮ ಘಾಟಬೋರಾಳದ ಆಮ್ರಪಾಲಿಗೆ ಗೊತ್ತಿರಲಿಲ್ಲವೆಂಬುದು ವಿಷಾದದ ಸಂಗತಿ.

ಆಕೆಯ ಗಂಡ ಉತ್ತಮ ಹುಮನಾಬಾದಿನಲ್ಲಿ ಟ್ರಾಲಿಗಳಿಗೆ ವೆಲ್ಡಿಂಗ್ ಮಾಡುವವನು. ಮದುವೆಯಾದಾಗಿನಿಂದ ಹೆಂಡತಿಯನ್ನು ಹೊಲ ಬಿಟ್ಟು ಬೇರೆಲ್ಲೂ ಕರೆದೊಯ್ದಿರಲಿಲ್ಲ. ಆ ನಾಚಿಕೆಗೆ ಹಳೆಯ ಟ್ರಾಲಿಯೊಂದಕ್ಕೆ ತಗಡಿನ ಗೋಡೆ ನಿಲ್ಲಿಸಿ, ಒಳಗೆ ಮಂಚ ಹಾಕಿ, ಮೇಲೆ ಸೋಲಾರ್, ಕೆಳಗೆ ಬ್ಯಾಟರಿ ಕೂರಿಸಿ, ಜೀಪಿನ ಹಿಂದೆ ಕಟ್ಟಿಕೊಂಡು ಬಸವಕಲ್ಯಾಣದ ಕೆರೆ ಬಯಲಿಗೆ ಬಂದ. ಫ್ಯಾನು ತಿರುಗಿತು. ಆಮ್ರಪಾಲಿ ಅದರ ಕೆಳಗೆ ಕಾಲು ಚಾಚಿ, ಯಾರ ಹೊಟ್ಟೆಯ ಚಿಂತೆಯೂ ಇಲ್ಲದೆ, ಸುಮ್ಮನೆ ನಕ್ಕಳು.

ನಗು ಮುಗಿಯುವ ಮೊದಲೇ ಖಾತ್ರಿ ಕಚೇರಿಯ ಪರಿಶೀಲಕ ಏಕನಾಥ ಬಾಗಿಲಲ್ಲಿ ನಿಂತಿದ್ದರು.

"ತಂತಿ ಎಲ್ಲಿ ಅದರಿ?"

"ತಂತಿ ಇಲ್ರಿ ಸಾಹೇಬ್ರ. ಬಿಸಿಲಿನ ಕರೆಂಟ್," ಅಂದಳು ಆಮ್ರಪಾಲಿ.

"ಇಲ್ಲ ಅನ್ನಾಕ ಪ್ರಮಾಣಪತ್ರ?"

"ಕಣ್ಣಿಗೆ ಕಾಣಾಕತ್ತದಲ್ರಿ, ಇಲ್ಲ ಅಂತ."

"ಇಲ್ಲದ್ದು ಹ್ಯಾಂಗ ಕಾಣಸ್ತದ ಅಕ್ಕಾ? ತಂತಿ ಕತ್ತರಿಸಿದ ಮ್ಯಾಲೆ ನಾವೇ ಬರಕೊಡ್ತೀವಿ. ಕತ್ತರಿಸಬೇಕಂದ್ರ ಮೊದಲ ಇರಬೇಕು."

ಈ ಮಾತಿನಲ್ಲಿ ಎಲ್ಲಾದರೂ ಬಿರುಕಿದೆಯೇ ಎಂದು ವೆಲ್ಡರ್ ಉತ್ತಮ ಹುಡುಕಿದ. ಸಿಗಲಿಲ್ಲ.

ಮಧ್ಯಾಹ್ನ ಲೈನ್‌ಮನ್ ಗೋವರ್ಧನ ಬಂದು ಟ್ರಾಲಿಯ ಪಕ್ಕ ಕಂಬ ನೆಟ್ಟು, ನಿಯಮದ ಪ್ರಕಾರ ತುದಿಗೊಂದು ಬಲ್ಬು ಹಾಕಿದ. ಟ್ರಾಲಿಯಿಂದ ಕಂಬಕ್ಕೆ ತಂತಿ ಎಳೆದ. ಕಂಬದಿಂದ ಊರಿನ ಲೈನಿಗೆ ಎಳೆಯುವಷ್ಟರಲ್ಲಿ ತಂತಿಯೇ ತೀರಿತು. ಹೀಗಾಗಿ ಟ್ರಾಲಿಗೆ ಕಂಬದ ಸಂಬಂಧವಾಯಿತು, ಕಂಬಕ್ಕೆ ಯಾರ ಸಂಬಂಧವೂ ಇಲ್ಲ.

"ಈಗ ಕತ್ತರಸ್ರಿ," ಅಂದಳು ಆಮ್ರಪಾಲಿ.

"ಕರೆಂಟ್ ಇಲ್ಲದ ತಂತಿ ಕತ್ತರಿಸಿದ್ರ ಹಗ್ಗ ಕತ್ತರಿಸಿದಂಗ," ಅಂದರು ಏಕನಾಥ. "ಕರೆಂಟ್ ಬರಾತನಕ ಕಾಯೋಣ."

ಕಾಯಲು ಅವರು ಫ್ಯಾನಿನ ಕೆಳಗೆ ಕುಳಿತರು. ಕುಳಿತವರು ಮಲಗಿದರು. ಕಚೇರಿಯಲ್ಲಿ ಕರೆಂಟು ಹೋಗಿದ್ದರಿಂದ ಉಳಿದ ಸಿಬ್ಬಂದಿಯೂ ಕಾಯಲು ಬಂತು. ಆಮ್ರಪಾಲಿ ಮಂಚದಿಂದ ಸ್ಟೂಲಿಗೆ, ಸ್ಟೂಲಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ನೆಲಕ್ಕೆ ಇಳಿದಳು. ಅಲ್ಲಿ ಆಕೆಯ ಪಿತ್ತ ನೆತ್ತಿಗೇರಿತು.

"ಏನ್ರಿ, ಸುಮ್ನ ಯಾಕ ಕುಂತೀರಿ?" ಎಂದು ಗಂಡನನ್ನು ಅಲುಗಾಡಿಸಿದಳು. "ನಮ್ಮ ಕರೆಂಟೇ ಆ ತಂತಿಗೆ ಬಿಡ್ರಿ! ಕತ್ತರಿಸಿಕೊಂಡು ಹೋಗ್ಲಿ."

ಉತ್ತಮ ಬಿಟ್ಟ. ಸಂಜೆಗತ್ತಲಲ್ಲಿ ಕಂಬದ ಬಲ್ಬು ಭಗ್ಗನೆ ಹತ್ತಿತು. ದಾರಿಹೋಕರು ಸಿಳ್ಳೆ ಹೊಡೆದರು. ಸೇಂಗಾ ಮಾರುವ ಅಂಬುಬಾಯಿ ಬುಟ್ಟಿ ಹೊತ್ತು ಬೆಳಕಿಗೆ ಬಂದು ಕುಳಿತಳು. ಗೋವರ್ಧನ ಕತ್ತರಿ ಎತ್ತಿದ್ದೇ ತಡ, ಏಕನಾಥ ಮಂಚದಿಂದ ಜಿಗಿದರು.

"ಏ, ನಿಂದರು! ಸಾರ್ವಜನಿಕ ದೀಪ ಅದು!"

ಅಲ್ಲಿಯೇ ಪ್ರಕಟಣೆ ಹೊರಟಿತು: "ಸದರಿ ಟ್ರಾಲಿಯು ಈ ಕ್ಷಣದಿಂದ ವಿದ್ಯುತ್ ಕೇಂದ್ರವಾಗಿರುತ್ತದೆ. ಕೇಂದ್ರದೊಳಗೆ ಅನ್ಯರು ಮಲಗತಕ್ಕದ್ದಲ್ಲ. ಸಿಬ್ಬಂದಿಯು ಕರ್ತವ್ಯದ ಮೇರೆಗೆ ಮಲಗಬಹುದು."

"ಮತ್ತ ನಾವು?" ಕೇಳಿದಳು ಆಮ್ರಪಾಲಿ.

ಏಕನಾಥ ದಂಪತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇವರಿಗೆ ತಂತಿಯಿಲ್ಲ, ದೀಪವಿಲ್ಲ, ಫ್ಯಾನಿಲ್ಲ, ಸೂರೂ ಇಲ್ಲ. ಏಕನಾಥರ ಕಣ್ಣು ತುಂಬಿ ಬಂತು. "ಇಷ್ಟು ಶುದ್ಧ ತಂತಿಮುಕ್ತ ವಾಸ ನನ್ನ ನೌಕರಿಯೊಳಗ ನೋಡಿಲ್ಲರಿ," ಎಂದವರೇ ಪ್ರಮಾಣಪತ್ರಕ್ಕೆ ಸಹಿ ಹಾಕಿಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ಚಾದರ ಹಾಸಿ ಮಲಗಿದ ಆಮ್ರಪಾಲಿಗೆ ಮೊದಲು ಅಳು ಬಂತು. ಟ್ರಾಲಿಯೊಳಗಿಂದ ಏಕನಾಥರ ಗೊರಕೆ ಕೇಳಿದ್ದೇ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಉತ್ತಮನೂ ನಕ್ಕ. ಕೆರೆಯ ಗಾಳಿ ಚೆನ್ನಾಗಿತ್ತು.

ಈಗ ಚಿಟಗುಪ್ಪ, ಬೇಮಳಖೇಡದಿಂದಲೂ ಸಂಸಾರಗಳು ಬರುತ್ತವೆ. ಎಲ್ಲರೂ ಉತ್ತಮನ ಬಳಿ ಸೋಲಾರ್ ಟ್ರಾಲಿ ಮಾಡಿಸಿ ತಂದು, ಸಿಬ್ಬಂದಿಗೆ ಒಪ್ಪಿಸಿ, ಪ್ರಮಾಣಪತ್ರ ಪಡೆದು, ಸಾಲಾಗಿ ನೆಲದ ಮೇಲೆ ಮಲಗುತ್ತಾರೆ. ಒಮ್ಮೆ ಒಬ್ಬರು ಬರೀ ಚಾದರ ಹಿಡಿದು ಬಂದಿದ್ದರು. ಆಮ್ರಪಾಲಿ ಅವರಿಗೆ ಸಮಾಧಾನದಿಂದಲೇ ತಿಳಿಹೇಳಿದಳು:

"ಹಂಗ ಬಿಡಂಗಿಲ್ರಿ. ಹೊರಗ ಮಲಗಬೇಕಂದ್ರ ಟ್ರಾಲಿ ಬೇಕೇ ಬೇಕು."